ಸೋದರತ್ತೆಯ ಬೆನ್ನಿಗೆ ಬಿದ್ದ ಫ್ರೆಂಚ್ ಹೆಸರು

ಸೋದರತ್ತೆ ಅಂದಮೇಲೆ ಗುದ್ದು ತಿನ್ನಲೇಬೇಕು. ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಕೂಸಿನ ಕಿವಿಗೆ ಬಾಯಿಟ್ಟು ಹೆಸರು ಹೇಳುವವಳು ಅವಳೇ. ಹೇಳುತ್ತಿದ್ದ ಹಾಗೇ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಶಿಕಾರಿಪುರದಿಂದ ತಮ್ಮ ಫೋನ್ ಮಾಡಿ, ಮಗಳಿಗೆ ಹೆಸರಿಡೋಕೆ ಬಾ ಅಂದಾಗ ಸೊರಬದಲ್ಲಿ ಕೂತೇ ನನ್ನ ಬೆನ್ನು ಜುಂ ಅಂತು.

ಬೆಳಿಗ್ಗೆ ಬಸ್ಸಿಳಿದು ಹೋದರೆ ತವರಲ್ಲಿ ಆಗಲೇ ಜಟಾಪಟಿ. ತಮ್ಮನ ಹೆಂಡತಿ ಫೋನಿನಲ್ಲಿ ಹುಡುಕಿ ಹುಡುಕಿ ಫ್ರೆಂಚ್ ಹೆಸರು ಆರಿಸಿದ್ದಳು. ಅವ್ವನಿಗೆ ತನ್ನ ಅತ್ತೆಯ ಹೆಸರೇ ಆಗಬೇಕು. ಮೊದಲು ತೋರಿಸಿದ ಬ್ಲಾಂಶ್ ಅಂದರೆ ಬಿಳಿ ಅಂತ ಗೊತ್ತಾಗಿ ಅವ್ವ, ನಮ್ಮ ಮನೆಯವರ ಬಣ್ಣ ನೋಡಿಕೊಂಡು ಹೆಸರಿಡಮ್ಮ ಅಂದಿದ್ದಳಂತೆ. ಈಗ ಆರಿಸಿದ್ದು ಅಮೆಲಿ. ಹಾಗಂದರೇನು ಅಂತ ಕೇಳಿದೆ. ದುಡಿಯುವವಳು ಅಂತೆ. ಅವ್ವನಿಗೆ ರೇಗಿತು.

“ದುಡಿಯೋಕೆ ಫ್ರಾನ್ಸಿಂದ ಹೆಸರು ತರಿಸಬೇಕಾ? ಈ ಮನೆಗೆ ಬಂದೋರೆಲ್ಲ ಹೆಸರಿಲ್ಲದೇ ದುಡಿದೀವಿ.”

“ಹೌದತ್ತೆ. ಮದುವೆ ದಿನ ಅಕ್ಕಿ ಮೇಲೆ ಬರೆಸಿ ನನ್ನ ಹೆಸರೇ ಬದಲಾಯಿಸಿದ್ರಿ. ಮಗಳ ಹೆಸರನ್ನಾದ್ರೂ ನಾನು ಇಡಬಾರದಾ?”

ನನ್ನ ತವರಿನ ಹೆಸರೂ ಸೊರಬದಲ್ಲಿ ಒಂದು ತಟ್ಟೆ ಅಕ್ಕಿಯಲ್ಲೇ ಮುಗಿದದ್ದು. ಅವ್ವನದಂತೂ ನಮಗ್ಯಾರಿಗೂ ಗೊತ್ತೇ ಇಲ್ಲ. ಅವ್ವ ಗೋಧಿ ಹುಗ್ಗಿ ತಿರುವೋಕೆ ಎದ್ದು ಹೋದಳು. ಒಪ್ಪಿದಳೋ ಮುನಿದಳೋ ತಿಳಿಯದೆ ಸೊಸೆಯ ಮುಖ ಸಣ್ಣದಾಯಿತು. ನನಗೂ ಸಂಕಟ, ಅವ್ವನ ಎದುರಿಗೇ ಆ ಹೆಸರು ಹೇಗೆ ಹೇಳಲಿ ಅಂತ.

ಓಣಿಯ ಹೆಂಗಸರೆಲ್ಲ ಬಂದರು. ನಾನು ಕೂಸಿನ ಕಿವಿಗೆ ಬಗ್ಗಿ ವಾಡಿಕೆಯಂತೆ ಮೊದಲು “ಕುರ್ರ್” ಅಂದದ್ದೇ ತಡ, ಹೆಸರು ಬಾಯಿಗೆ ಬರುವ ಮೊದಲೇ ಧಪಧಪ ಶುರುವಾಯಿತು. ಒಂದೊಂದೂ ರೊಟ್ಟಿ ಬಡಿದು ಪಳಗಿದ ಕೈ. ಅಯ್ಯೋ ಅನ್ನೋದರೊಳಗೆ ಹೆಸರೇ ಮರೆತುಹೋಯಿತು. ಹಾಳಾದ್ದು ಬ್ಲಾಂಶ್ ನೆನಪಿದೆ, ಬೇಕಾದ್ದು ಬರುತ್ತಿಲ್ಲ. ನಾನು ಬೇಕಂತಲೇ ಸುಮ್ಮನಿದ್ದೀನಿ ಅಂದುಕೊಂಡಳೋ ಏನೋ, ತಮ್ಮನ ಹೆಂಡತಿಯ ಕಣ್ಣು ತುಂಬಿತು.

ಆಗ ಎಲ್ಲಕ್ಕಿಂತ ಬಲವಾದ ಗುದ್ದೊಂದು ಬಿತ್ತು. ತಿರುಗಿದರೆ ಅವ್ವ.

“ಅಮೆಲಿ ಕಣೇ, ಅಮೆಲಿ. ಬೆಳಗಿಂದ ಹುಗ್ಗಿ ತಿರುವುತ್ತಾ ನಾನೇ ಬಾಯಿಪಾಠ ಮಾಡೀನಿ, ನಿನಗೇನು ಬಂದಿದೆ ರೋಗ?”

ಹೇಳಿದೆ. ಕೂಸು ಆಕಳಿಸಿತು. ತಮ್ಮನ ಹೆಂಡತಿ ಅಳುತ್ತಲೇ ನಕ್ಕಳು. ನನಗೆ ನೋವಿನಲ್ಲೂ ಹಿಗ್ಗು.

ಸಂಜೆ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ತಮ್ಮನ ಹೆಂಡತಿ, ಅತ್ತೆ, ತವರಲ್ಲಿ ನಿಮಗಿಟ್ಟ ಹೆಸರೇನು ಅಂತ ಅವ್ವನನ್ನು ಕೇಳಿದಳು. ಅವ್ವ ತನ್ನದೇ ಹೆಸರನ್ನು ನೆನಪು ಮಾಡಿಕೊಳ್ಳಬೇಕಾಯಿತು.