ಮೂತ್ರನಾಳವೂ ಮಾವನ ಮರ್ಯಾದೆಯೂ

ನನ್ನ ಸೋದರಮಾವನಂಥ ಮರ್ಯಾದಸ್ಥ ಮೂರ್ಖ ಸುರಪುರದಲ್ಲಿ ಇನ್ನೊಬ್ಬ ಇರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದಂತೆ. ಬದುಕಿದ್ದವರ ಬಗ್ಗೆ ಅವನು ಆಡಿದ್ದನ್ನೆಲ್ಲ ಕೇಳಿಸಿಕೊಂಡವನು ನಾನು, ಬರೆಯುತ್ತೇನೆ.

ನಿಜಾಮನ ಆಳ್ವಿಕೆ ಮುಗಿದು, ಕಚೇರಿ ಕಾಗದಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ವರ್ಷಗಳು ಅವು. ನಾನು ಶಹಾಪುರದಲ್ಲಿ ಕಾರಕೂನ. ಒಮ್ಮೆ ಕಚೇರಿ ಕೆಲಸದ ಮೇಲೆ ಹಳ್ಳಿಗೆ ಹೋಗುವಾಗ ಹಳ್ಳದ ದಂಡೆಯಲ್ಲಿ ಬಂಡಿ ವಾಲಿತು. ಇಳಿಯಲು ಹೋದವನು ಕಾಲು ಜಾರಿ, ಬಂಡಿಯ ಮುಂದಿನ ಮೂಕಿಮರದ ಮೇಲೆ ತೊಡೆ ಅಗಲಿಸಿಕೊಂಡು ಬಿದ್ದೆ. ಅಂದು ಉಚ್ಚೆಯಲ್ಲಿ ರಕ್ತ ಬಂತು. ಮೂರು ದಿನಕ್ಕೆ ನಿಂತಿತು, ಮರೆತುಬಿಟ್ಟೆ.

ಆರೇಳು ತಿಂಗಳ ಮೇಲೆ ಉಚ್ಚೆಯ ಧಾರೆ ದಾರದಷ್ಟು ಸಣ್ಣಗಾಯಿತು. ಕಚೇರಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತರೆ ತಿಣುಕಿ ತಿಣುಕಿ ಬೆವರು ಇಳಿಯುತ್ತಿತ್ತು. ಹೆಡ್ ಗುಮಾಸ್ತ ಎಲ್ಲರಿಗೂ ಕೇಳುವಂತೆ, "ಏನ್ರೀ, ಗ್ವಾಡಿಗಿ ಕಥಿ ಹೇಳಾಕತ್ತೀರೇನು?" ಎನ್ನುತ್ತಿದ್ದ. ಇಡೀ ಕಚೇರಿ ನಗುತ್ತಿತ್ತು. ಒಂದು ಅರ್ಜಿ ನೆಟ್ಟಗೆ ಬರೆಯಲು ಬಾರದವರ ನಗೆ ಅದು.

ಸುದ್ದಿ ಸುರಪುರ ಮುಟ್ಟಿ ಮಾವ ಬಂದ. ರೇಷ್ಮೆ ರುಮಾಲು ಸುತ್ತಿಕೊಂಡೇ ಕೂತು, ನನ್ನ ಹೆಂಡತಿಯ ಎದುರಿಗೇ ಕೇಳಿದ: "ಅಳಿಯಾ, ಖರೇ ಹೇಳು. ಯಾರ ಮನಿಗಿ ಹೋಗಿದ್ದಿ?"

"ಬಂಡಿ ಮ್ಯಾಲಿಂದ ಬಿದ್ದೀನಿ ಮಾವಾ."

"ಬಿದ್ದವ್ರ ಕಾಲು ಮುರೀತದ. ಇದು ಸೂಳ್ಯಾರ ರೋಗ."

ಮುದುಕ ಹಕೀಮರೊಬ್ಬರು ನನ್ನನ್ನು ನೋಡಿ, "ಇದು ನನ್ನ ಕೈಲಾಗೂದಲ್ರಿ, ಯಾದಗಿರಿ ದವಾಖಾನಿಗಿ ಹೋಗ್ರಿ" ಎಂದಿದ್ದರು. ಗೊತ್ತಿಲ್ಲವೆಂದು ಒಪ್ಪಿಕೊಂಡ ಒಬ್ಬನೇ ಗಂಡಸು ಅವರು. ಮಾವ ಅದನ್ನೂ ತಳ್ಳಿಹಾಕಿದ. ದವಾಖಾನೆಯಲ್ಲಿ ಬಟ್ಟೆ ಬಿಚ್ಚಿದರೆ ಮನೆತನದ ಮಾನ ಹೋಗುತ್ತದಂತೆ. ದಿನಕ್ಕೆ ಎರಡು ತಂಬಿಗೆ ಬಾರ್ಲಿ ನೀರು ಕುಡಿ ಎಂದ. ಹೋಗಲು ದಾರಿಯಿಲ್ಲದ ಕಡೆ ನೀರು ತುಂಬಿಸುವ ಆ ವೈದ್ಯವನ್ನು, ನಾಚಿಕೆಗೇಡಿಯಂತೆ, ನಾನೂ ಮಾಡಿದೆ.

ನಾಲ್ಕನೆಯ ದಿನ ಮುಂಜಾನೆ ಪೂರ್ತಿ ಕಟ್ಟಿತು. ಕಿಬ್ಬೊಟ್ಟೆ ಬಿಂದಿಗೆಯಂತೆ ಉಬ್ಬಿತು. ಮಾವ ದೇವರ ಮುಂದೆ ತಪ್ಪೊಪ್ಪಿಕೊಳ್ಳೆಂದ. ಆಗ ಹೆಂಡತಿ ಸೆರಗು ಸಿಗಿಸಿ ಎದ್ದಳು.

"ಮಾವಾರ, ಉಚ್ಚಿ ಕಟ್ಟಿ ಸತ್ತರ ನಿಮ್ಮ ಮರ್ಯಾದಿ ಹೆಚ್ಚತದೇನ್ರಿ? ಸರೀರಿ ಆ ಕಡಿ." ನನ್ನತ್ತ ತಿರುಗಿ, "ಏಳ್ರಿ, ಬಸ್ಸು ಹೋಗ್ತದ" ಎಂದಳು.

ಬಸ್ಸಿನ ಒಂದೊಂದು ಕುಲುಕಿಗೂ ಜೀವ ಹೋದಂತಾಗುತ್ತಿತ್ತು. ಭೀಮೆ ದಾಟುವಾಗ, "ನೀರು ನೋಡಬ್ಯಾಡ್ರಿ" ಎಂದು ನನ್ನ ಮುಖವನ್ನು ಬೇರೆ ಕಡೆ ತಿರುಗಿಸಿದಳು.

ಯಾದಗಿರಿಯ ಡಾಕ್ಟರು ಯಾರ ಮನೆಗೆ ಹೋಗಿದ್ದೆ ಎಂದು ಕೇಳಲಿಲ್ಲ. ಎಲ್ಲಿ, ಹೇಗೆ ಬಿದ್ದೆ ಎಂದು ಕೇಳಿದರು. "ಒಳಗಿನ ಗಾಯ ಮಾದು, ಕಲೆ ಗಟ್ಟಿಯಾಗಿ ಮೂತ್ರನಾಳ ಬಿಗಿದದ" ಎಂದರು. ಕುದಿಸಿ ಆರಿಸಿದ, ತುದಿ ಬಾಗಿದ ಉಕ್ಕಿನ ಸಣ್ಣ ಕಡ್ಡಿಯನ್ನು ಎಣ್ಣೆ ಸವರಿ ಒಳಗೆ ನಡೆಸಿದರು. ನಾನು ಚೀರಿದ್ದು ಹೊರಗಿನ ಜಗಲಿಗೂ ಕೇಳಿತಂತೆ. ಆಮೇಲೆ ಹರಿದದ್ದನ್ನು ಕಂಡು ಅತ್ತುಬಿಟ್ಟೆ.

"ತಿಂಗಳಿಗೊಮ್ಮೆ ಬರ್ಬೇಕು. ಬಿಟ್ಟರ ಮತ್ತ ಬಿಗೀತದ" ಎಂದರು ಡಾಕ್ಟರು.

ಬಿಟ್ಟೆ. ಮಾವ ಊರೆಲ್ಲ, "ಡಾಕ್ಟರ್ ಪಾಪ, ಖರೇ ರೋಗ ಹೇಳದ ಇವನ ಮಾನ ಮುಚ್ಚ್ಯಾನ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವನ ಬಾಯಿಗೆ ಹೆದರಿ ಮೂರು ತಿಂಗಳು ಯಾದಗಿರಿಯ ಕಡೆ ತಲೆ ಹಾಕಲಿಲ್ಲ. ಅವನಿಗಿಂತ ದೊಡ್ಡ ಮೂರ್ಖ ನಾನೇ. ಧಾರೆ ಮತ್ತೆ ದಾರವಾಯಿತು, ಚಳಿಜ್ವರ ಬಂತು. ಡಾಕ್ಟರು ಬೈದರು, ಮತ್ತೆ ಕಡ್ಡಿ ಹಾಕಿದರು. ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ವರ್ಷ ಕಳೆದ ಮೇಲೆ ಎರಡು ತಿಂಗಳಿಗೊಮ್ಮೆ ಸಾಕಾಯಿತು, ಮುಂದೆ ಆರು ತಿಂಗಳಿಗೊಮ್ಮೆ.

ಒಂದು ಸಲ ಶಹಾಪುರದ ಬಸ್ ನಿಲ್ದಾಣದಲ್ಲಿ ವನದುರ್ಗದ ಕುರಿಗಾರನೊಬ್ಬ ಹತ್ತಿರ ಬಂದು ಪಿಸುಗುಟ್ಟಿದ. ಆಡಿನ ಬೆನ್ನು ಹತ್ತಿ ಬಂಡೆಯಿಂದ ಜಾರಿ ಬಿದ್ದಿದ್ದನಂತೆ, ಈಗ ಧಾರೆ ಸಣ್ಣಗಾಗಿದೆಯಂತೆ. "ನಿಮಗೂ ಹಂಗ ಆಗಿತ್ತಂತಲ್ರಿ..."

"ಆಗಿತ್ತು. ಉಚ್ಚಿ ಕಟ್ಟಿತ್ತು. ಕಡ್ಡಿ ಹಾಕಿಸ್ಕೊಂಡೀನಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಸುತ್ತಲಿನ ಧೋತರದ ದೊಡ್ಡಮನುಷ್ಯರು ಕಿವಿಗೆ ಹೊಲಸು ಬಿದ್ದವರಂತೆ ಮುಖ ತಿರುವಿದರು. ತಿರುವಲಿ. ಕುರಿಗಾರನಿಗೆ ಕಿಟಕಿಯ ಬದಿ ಜಾಗ ಕೊಟ್ಟು ಯಾದಗಿರಿಗೆ ಕರೆದುಕೊಂಡು ಹೋದೆ.