ಉಸಿರೆಣಿಸುವ ಸಂಘಮಿತ್ರಾ

ಬೆಳಗಿನ ಐದೂವರೆ. ಶಹಾಪುರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನರ್ಸ್ ಸಂಘಮಿತ್ರಾ ಎರಡನೇ ಹಾಸಿಗೆಯ ಪಕ್ಕ ನಿಂತಿದ್ದಾರೆ. ಕೈ ರೋಗಿಯ ನಾಡಿಯ ಮೇಲೆ, ಕಣ್ಣು ಎದೆಯ ಏರಿಳಿತದ ಮೇಲೆ. ಗೋಡೆಯ ಯಂತ್ರ ಉಸಿರಿನ ಸಂಖ್ಯೆ ತೋರಿಸುತ್ತಲೇ ಇದೆ. ಇವರು ಮಾತ್ರ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ತಾವೇ ಎಣಿಸುತ್ತಾರೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇವರಿಗೆ ಒಗ್ಗದು.

"ಮಂದಿ ಉಸರು ಗುಣಾಕಾರದ ಹಂಗ ಇರೂದಿಲ್ರಿ" ಎನ್ನುತ್ತಾರೆ. "ಒಮ್ಮೆ ಜೋರು ಎಳಕೋತಾರ, ಒಮ್ಮೆ ತಡೀತಾರ. ಪೂರಾ ನಿಮಿಷ ನಿಂತ್ರನ ಖರೇ ಗೊತ್ತಾಗ್ತದ."

ಆರು ಹಾಸಿಗೆ, ಹನ್ನೊಂದು ವರ್ಷ. ಪ್ರತಿ ಮುಂಜಾನೆ ಒಬ್ಬೊಬ್ಬ ರೋಗಿಗೂ ಒಂದೊಂದು ಹಾಳೆ. ಶ್ವಾಸಕೋಶ, ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವ ಶಕ್ತಿ ಹೀಗೆ ಆರಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರೇ ಫೇಲು. ಮೊತ್ತ ಏರಿದಷ್ಟೂ ಬದುಕುವ ಭರವಸೆ ಇಳಿಯುತ್ತದೆ. ಬಾಗಿಲ ಹೊರಗೆ ಕಾದವರಿಗೆ ವೈದ್ಯರು ಏನು ಹೇಳಬೇಕೆಂಬುದು ಬಹುಮಟ್ಟಿಗೆ ಆ ಹಾಳೆಯ ಮೇಲೆ ನಿಂತಿರುತ್ತದೆ. ವೈದ್ಯರ ಹೆಸರು ಊರಿಗೆಲ್ಲ ಗೊತ್ತು. ಹಾಳೆ ತುಂಬುವವರ ಹೆಸರು ಯಾರಿಗೆ ಬೇಕು ಹೇಳಿ!

ಸಂಘಮಿತ್ರಾ ಯಾದಗಿರಿ ತಾಲ್ಲೂಕಿನ ರಾಮಸಮುದ್ರದ ಬೌದ್ಧ ಮನೆತನದವರು. ತಂದೆ ಮರಿಲಿಂಗಪ್ಪ ಶಾಲೆಯ ಜವಾನರಾಗಿದ್ದರು, ತಾಯಿ ಸುಂದ್ರಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಕಲಿತು ಬಂದ ಮೊದಲ ವರ್ಷ, ಹೊರಗಿನ ಬೆಂಚಿನ ಕೆಲವರು ಹೆಸರು ಕೇಳಿ, ಊರು ಕೇಳಿ, ಕೊನೆಗೆ 'ಯಾವ ಪೈಕಿ' ಎಂದೂ ಕೇಳಿ, ಇವರು ಕೊಟ್ಟ ನೀರನ್ನು ಪಕ್ಕಕ್ಕಿಟ್ಟದ್ದುಂಟು. ಅದನ್ನು ನೆನೆದು ಇವರು ನಗುತ್ತಾರೆ: "ನೀರು ಬ್ಯಾಡಂದ್ರು. ಇಂಜೆಕ್ಷನ್ ಬ್ಯಾಡ ಅಂತ ಒಬ್ರೂ ಅನ್ಲಿಲ್ರಿ!"

ಹೋದ ಚಳಿಗಾಲದಲ್ಲಿ ಭೀಮವ್ವ ಬಂದರು. ವನದುರ್ಗದ ಕುರಿಗಾರರ ಮನೆಯ ಅರವತ್ತರ ಹೆಂಗಸು. ಕಾಲಿಗೆ ಮುಳ್ಳು ಚುಚ್ಚಿ, ನಂಜು ರಕ್ತಕ್ಕೇರಿ, ಎಚ್ಚರ ಮಸುಕಾಗಿತ್ತು. ಎರಡನೇ ದಿನದಿಂದ ಮೂತ್ರ ನೂರು ಮಿಲಿಯೂ ಮುಟ್ಟಲಿಲ್ಲ. ಮೂತ್ರಪಿಂಡಕ್ಕೆ ಪೂರ್ತಿ ನಾಲ್ಕು ಅಂಕ ಬಿದ್ದು ಮೊತ್ತ ಹದಿಮೂರಾಯಿತು. ಮೂರನೇ ದಿನ ವೈದ್ಯರು ಗಂಡ ದೇವಿಂದ್ರಪ್ಪನನ್ನು ಕರೆದು, ಆಸೆ ಕಡಿಮೆ ಎಂದರು. ಜೀವ ಮನೆಯಲ್ಲೇ ಹೋಗಬೇಕೆಂಬುದು ಆ ಮನೆಯವರ ರೂಢಿ. ನಾಲ್ಕನೇ ಮುಂಜಾನೆ ಸಂಘಮಿತ್ರಾ ಬರುವಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತ್ತು.

"ಉಸರಿದ್ದಾಗ್ಲೇ ಮನಿ ಮುಟ್ಟಸ್ತೀವ್ರಿ ಸಿಸ್ಟರ್" ಎಂದರು ದೇವಿಂದ್ರಪ್ಪ.

ಔಷಧಿಯ ಕೊಳವೆ ಕಿತ್ತರೆ ದಾರಿಯಲ್ಲೇ ಎಲ್ಲ ಮುಗಿಯುತ್ತಿತ್ತು. ಸಂಘಮಿತ್ರಾ ಕೊನೆಯ ಹಾಳೆ ತುಂಬಲು ಒಳಗೆ ಹೋದರು. ಮೂತ್ರ ಕಟ್ಟಿದವರ ಕೈಕಾಲು ಊದಬೇಕು, ಭೀಮವ್ವನ ಬಳೆಗಳು ಸಡಿಲವಾಗಿಯೇ ಇದ್ದವು. ಮೂತ್ರಪಿಂಡದ ಬಗೆಗಿನ ರಕ್ತದ ವರದಿಯೂ ಕೆಟ್ಟಿರಲಿಲ್ಲ. ಬಗ್ಗಿ ಮೂತ್ರದ ಚೀಲ ನೋಡಿದರು. ದಿನದ ಮೂತ್ರವನ್ನು ಮುಂಜಾನೆ ಆರಕ್ಕೆ ಒಂದೇ ಸಲ ಅಳೆದು ಚೆಲ್ಲುವುದು ಅಲ್ಲಿನ ಪದ್ಧತಿ. ಆರು ಇನ್ನೂ ಆಗಿರಲಿಲ್ಲ, ಚೀಲದ ತುದಿ ಆಗಲೇ ಹಸಿಯಾಗಿತ್ತು, ಯಾರೋ ಈಗಷ್ಟೇ ಚೆಲ್ಲಿದಂತೆ.

ಬೆಂಚಿನ ಮೇಲೆ ಕೂತಿದ್ದ ಸೊಸೆ ಪವಿತ್ರಾಳ ಹತ್ತಿರ ಬಂದು ಕೇಳಿದರು. "ಚೀಲ ಯಾರ ಖಾಲಿ ಮಾಡ್ಯಾರ, ತಂಗಿ?"

"ನಾನs ರೀ. ಮುಂಜಾನಿ, ಸಂಜಿಕಿ ಮಾರಿ ಒರಸಾಕ ಒಳಗ ಬಿಡ್ತಾರಲ್ರಿ, ಆಗ ಚೆಲ್ಲತೀನಿ. ಡಾಕ್ಟರ್ ಬಂದಾಗ ಹೊಲಸು ಕಾಣಬಾರ್ದು. ಅತ್ತಿ ಮರ್ಯಾದಿ ರೀ."

"ಎಷ್ಟಿರ್ತಿತ್ತು?"

"ಎರಡೂ ಹೊತ್ತಿಂದು ಕೂಡಿಸಿದ್ರ ಒಂದು ಲೀಟರ್ ಚರಿಗಿ ತುಂಬ್ತದ್ರಿ."

ಸಂಘಮಿತ್ರಾ ಗಾಡಿಯ ಬಳಿಗೆ ಓಡಿದರು. "ಕಾಕಾ, ಗಾಡಿ ವಾಪಸ್ ಕಳಸ್ರಿ. ನಾವು ಬರೆದ ಅಂಕಿ ತಪ್ಪ್ಯಾವ. ಚೀಲ ಮುಟ್ಟಬ್ಯಾಡ ಅಂತ ಮೊದಲ್ನೇ ದಿನ ಹೇಳಬೇಕಿತ್ತು, ಅದು ನನ್ನ ತಪ್ಪು."

ವೈದ್ಯರನ್ನು ಮನೆಯಿಂದ ಕರೆಸಿದರು. ಮೂತ್ರಪಿಂಡದ ನಾಲ್ಕು ಅಂಕ ಹೋಗಿ ಮೊತ್ತ ಒಂಬತ್ತಕ್ಕಿಳಿಯಿತು. ವೈದ್ಯರು ತಾವೇ ಹೊರಬಂದು, ಕಾಯೋಣ ಎಂದರು. ದೇವಿಂದ್ರಪ್ಪ ಗಾಡಿಯ ಬಾಗಿಲು ಮುಚ್ಚಿ ಚಾಲಕನಿಗೆ ಹೋಗೆಂದು ಕೈಮಾಡಿದರು. ಪವಿತ್ರಾ ಬಿಕ್ಕಿ ಬಿಕ್ಕಿ ಅತ್ತಳು. "ಅಳಬ್ಯಾಡ. ನೀ ಖರೇ ಹೇಳಿದ್ದಕ್ಕ ಗೊತ್ತಾತು" ಎಂದು ಸಂಘಮಿತ್ರಾ ಅವಳ ಬೆನ್ನು ಸವರಿದರು.

ಹನ್ನೆರಡನೇ ದಿನ ಭೀಮವ್ವ ಸೊಸೆಯ ಹೆಗಲು ಹಿಡಿದು ಮೆಟ್ಟಿಲಿಳಿದರು.

"ಅಂಕಿ ಅಂದ್ರ ದೇವ್ರಲ್ರಿ" ಎನ್ನುತ್ತಾರೆ ಸಂಘಮಿತ್ರಾ. "ಇಂಥಾ ನೂರು ಮಂದ್ಯಾಗ ಎಷ್ಟು ಮಂದಿ ಉಳೀತಾರ ಅಂತ ಹೇಳ್ತದ. ಇವ್ರು ಉಳೀತಾರೋ ಇಲ್ಲೋ ಅಂತ ಹೇಳಾಂಗಿಲ್ಲ. ಅದಕ್ಕs ಬರೆಯೂಕಿಂತ ಮೊದ್ಲ ಮನಿ ಮಂದಿನ್ನ ಮಾತಾಡಸ್ರಿ ಅಂತ ಹೊಸ ಹುಡುಗ್ಯಾರಿಗೆ ಹೇಳಾಕತ್ತೇನಿ. ಅಷ್ಟು ಕಲಿತ್ರ ಸಾಕ್ರಿ ನನಗ."

ಭೀಮವ್ವ ಮನೆಗೆ ಹೋದ ದಿನ ಇವರು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಮನೆಗೆ ಹೋಗಿ ತಾಯಿಗಷ್ಟೇ ಹೇಳಿದರಂತೆ. ಸುಂದ್ರಮ್ಮ ಮಗಳನ್ನು ಹೊಗಳುವ ಪೈಕಿ ಅಲ್ಲ.

"ಅವ್ವ ಮಾರಿ ನೋಡಿದ್ಳು. 'ಹೊರಗ ಗಾಡಿ ನಿಂತಿದ್ರೂ ಬಗ್ಗಿ ನೋಡಿದಿ ಅಲಾ, ನೀ ನನ್ನ ಮಗಳು' ಅಂದ್ಳ್ರಿ." ಸಂಘಮಿತ್ರಾ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. "ಮೂವತ್ತಾರು ವರ್ಷಕ್ಕ ಮೊದಲ್ನೇ ಸಲ ಅಂದಾಳ್ರಿ."