ಮೆಹಬೂಬಿಗೆ ಇಷ್ಟವಾದ ಸಾಬೂನು

ಕಂಡವರ ಇಷ್ಟಾನಿಷ್ಟಗಳನ್ನು ಕೇಳಿ ಹೊಟ್ಟೆ ಹೊರೆಯುವವಳು ನಾನು. ಇದಕ್ಕೆ ಮಾರುಕಟ್ಟೆ ಸಮೀಕ್ಷೆ ಎನ್ನುತ್ತಾರೆ. ಕೊಟ್ಟೂರಿನ ನಮ್ಮ ಮನೆಯಲ್ಲಿ ತಿಂಡಿಗೆ ಏನು ಮಾಡಲಿ ಎಂದು ಯಾರನ್ನೂ ಕೇಳುವುದಿಲ್ಲ, ಮಾಡಿದ್ದನ್ನು ಬಡಿಸುತ್ತೇನೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಮಾತ್ರ ಗುರುತಿಲ್ಲದವರ ಮನೆ ಹೊಕ್ಕು, ಯಾವ ಚಹಾಪುಡಿ, ಯಾವ ಬಿಸ್ಕತ್ತು ಎಂದು ಬಲು ಅಕ್ಕರೆಯಿಂದ ವಿಚಾರಿಸುತ್ತೇನೆ.

ಕಂಪನಿ ಕೊಟ್ಟ ಪ್ರಶ್ನೆಗಳಲ್ಲಿ ‘ನಿಮ್ಮ ಆದ್ಯತೆ ಯಾವುದು?’ ಎಂದಿದೆ. ತಂಬ್ರಹಳ್ಳಿಯಲ್ಲೊಮ್ಮೆ ಅದನ್ನು ಹಾಗೆಯೇ ಓದಿದೆ. ಆ ಮನೆಯಾಕೆ ಒಳಗೆ ಹೋಗಿ ಪಡಿತರ ಚೀಟಿ ತಂದು ಕೈಗಿಟ್ಟಳು. ‘ನಮ್ದು ಆದ್ಯತಾ ಕಾರ್ಡ ಐತ್ರಿ, ನೋಡ್ರಿ.’ ಅಂದಿನಿಂದ ‘ಇಷ್ಟ’ ಎಂದೇ ಕೇಳುತ್ತೇನೆ. ಆದರೆ ಅದು ತೂಕದ ಮಾತು. ನಮ್ಮ ಕಡೆ ಅಂಗೈಯಲ್ಲಿಟ್ಟು ಪೂಜಿಸುವ, ಕೊನೆಗೆ ನಮ್ಮ ಜೊತೆಗೇ ಮಣ್ಣಿಗೆ ಹೋಗುವ ಲಿಂಗಕ್ಕೂ ಅದೇ ಹೆಸರು. ಆ ಮಾತನ್ನು ತಂದು ಸಾಬೂನಿಗೆ ಅಂಟಿಸಲು ಮೊದಮೊದಲು ಮುಜುಗರವಾಗುತ್ತಿತ್ತು.

ಆ ಮುಜುಗರ ಬಿಡಿಸಿದವಳು ಹರಪನಹಳ್ಳಿಯ ಮೆಹಬೂಬಿ. ಗಂಡ ರಾಜಾಸಾಬರು ಬೋರಿನ ಮೋಟಾರು ರಿಪೇರಿ ಮಾಡುವವರು. ಇನ್ನೂ ಪೇಟೆಗೆ ಬಾರದ, ಹೆಸರೇ ಇಲ್ಲದ ಎರಡು ಸಾಬೂನು ಕೊಟ್ಟೆ, ಒಂದು ಹಸಿರು, ಒಂದು ಬಿಳಿ. ಬಳಸಿ ನೋಡಿ, ಮತ್ತೆ ಬಂದು ಕೇಳುತ್ತೇನೆ ಎಂದೆ. ಆಕೆ ಅಲ್ಲೇ ಎರಡನ್ನೂ ಮೂಸಿದಳು.

‘ಈಗ ಯಾವ ಸೋಪು ತರ್ತೀರಿ?’

‘ನೊರಿ ಬರೋದು ತರ್ತೀವ್ರಿ ಅಕ್ಕಾ, ನಮ್ಮದು ಸವಳು ನೀರು. ತರೋದು ಬ್ಯಾರೆ, ಇಷ್ಟ ಬ್ಯಾರೆ. ನಿನ್ನ ಇಷ್ಟ ಏನಂತ ಯಾರರ ಕೇಳ್ಯಾರೇನು? ನೀವ ಮೊದಲು!’ ಎಂದು ನಕ್ಕಳು.

ಎರಡು ವಾರ ಬಿಟ್ಟು ಹೋದಾಗ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮದುವೆ ಮಾತುಕತೆ ಇರಬೇಕೆಂದು ನಗುತ್ತಲೇ ಹೋದೆ. ಯಾರೂ ನಗಲಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತಿದ್ದ ಮೆಹಬೂಬಿ ಎದೆ ಹಿಡಿದುಕೊಂಡು ಕುಸಿದಳಂತೆ. ದಾವಣಗೆರೆ ಮುಟ್ಟುವ ಮೊದಲೇ ಮುಗಿದಿತ್ತಂತೆ.

ಹಿಂದಿರುಗಬೇಕೆನ್ನುವಷ್ಟರಲ್ಲಿ ರಾಜಾಸಾಬರು ಕರೆದರು.

‘ಸೋಪಿನ ಅಕ್ಕಾರ ಅಲ್ಲೇನ್ರಿ? ಕುಂದರ್ರಿ. ಬರ್ಕೊಳ್ರಿ, ಆಕಿಗೆ ಹಸರುದು ಇಷ್ಟ ಆಗಿತ್ತು.’

‘ಈಗ ಅದೆಲ್ಲಾ ಬ್ಯಾಡ ಬಿಡ್ರಿ ಅಣ್ಣಾ.’

‘ಇಲ್ರಿ, ಬರ್ಕೊಳ್ರಿ. ಬಿಳೇದು ದವಾಖಾನಿ ವಾಸನಿ ಬರ್ತೈತಿ ಅಂತ ಮೂಲಿಗೆ ಇಟ್ಟಿದ್ಲು. ಹಸರುದು ತೀರಿತ್ತು. ಮಣ್ಣಿಗೆ ಒಯ್ಯೋಕಿಂತ ಮೊದ್ಲು ಆಕಿ ಮೈ ತೊಳಿಯಾಕ ಹೆಂಗಸ್ರು ಸೋಪು ಕೇಳಿದ್ರು. ಗಡಿಬಿಡಿಯಾಗ ಬಿಳೇದನ್ನ ಕೊಟ್ಬಿಟ್ನಿ.’ ಅಂಗೈ ತಿರುಗಿಸಿ ನೋಡಿಕೊಂಡರು. ‘ಹಸರುದು ಅಂಗಡ್ಯಾಗ ಸಿಗತೈತೇನ್ರಿ?’

‘ಇನ್ನೂ ಬಂದಿಲ್ರಿ.’

‘ಇರ್ಲಿ ಬಿಡ್ರಿ. ಈಗೇನು ಮಾಡೋದೈತಿ. ಸುಮ್ನ ಕೇಳಿದೆ.’

ಬೇರೆ ಮನೆಗೆಂದು ಇಟ್ಟುಕೊಂಡಿದ್ದ ಹಸಿರು ಸಾಬೂನೊಂದು ಚೀಲದಲ್ಲಿತ್ತು. ತೆಗೆದುಕೊಟ್ಟೆ. ಮೂಗಿಗೆ ಹಿಡಿದುಕೊಂಡವರು ಹಾಗೆಯೇ ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಬೀದಿಯ ತಿರುವಿನಲ್ಲಿ ನಿಂತು ಸೂಪರ್‌ವೈಸರಿಗೆ ಫೋನು ಮಾಡಿದೆ. ‘ಬಳಸಿದವರೇ ಹೇಳಬೇಕು ಮೇಡಂ. ಗಂಡನ ಮಾತು ಲೆಕ್ಕಕ್ಕಿಲ್ಲ. ಆ ಮನೆ ಬಿಟ್ಟು ಬೇರೆ ಮನೆ ಹಿಡೀರಿ’ ಎಂದರು. ತಪ್ಪೇನಿಲ್ಲ, ನಿಯಮವೇ ಹಾಗಿದೆ. ಬೇರೆ ಮನೆ ಹಿಡಿದೆ. ನಮ್ಮ ಕಸುಬಿನಲ್ಲಿ ಇಷ್ಟವೆಂದರೆ ನಾಳೆ ಕೊಳ್ಳಬಹುದಾದದ್ದು. ನಾಳೆ ಇಲ್ಲದವರಿಗೆ ಇಷ್ಟವೂ ಇಲ್ಲ.

ಪೇಟೆಗೆ ಬಂದದ್ದು ಬಿಳಿಯದೇ. ಈಗ ಉಚ್ಚಂಗಿದುರ್ಗದ ಸಣ್ಣ ಅಂಗಡಿಯಲ್ಲೂ ಅದರ ಸಾಲು ಕಾಣುತ್ತದೆ. ಹಸಿರಿನ ಸುದ್ದಿಯೇ ಇಲ್ಲ. ಮೊನ್ನೆ ನಮ್ಮ ಮನೆಯವರೂ ಆ ಬಿಳಿಯದನ್ನೇ ತಂದು, ‘ವಾಸನಿ ಚಲೋ ಐತಲ್ಲ?’ ಎಂದರು.

‘ನನಗ ಇಷ್ಟ ಇಲ್ಲ’ ಎಂದೆ.

ಅವರು ಬೆರಗಾಗಿ ನನ್ನನ್ನೇ ನೋಡಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಸಾಬೂನಿನ ಬಗ್ಗೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು. ಯಾರಾದರೂ ಕೇಳಲಿ ಬಿಡಲಿ, ಉಸಿರಿರುವಾಗಲೇ ಹೇಳಿಬಿಡುವುದು ವಾಸಿ ಎನ್ನಿಸಿತ್ತು.